ಸಿಮ್ಲಾ ಆಫೀಸಿನ ಊರಿನಲ್ಲಿ ಹಿಮದ ನಿರೀಕ್ಷೆ

ಸಹ್ಯಾದ್ರಿಯ ಮಳೆನೆರಳಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಹಿಮ ಬೀಳುವ ಸಂಭವವೇ ಇಲ್ಲ. ಆದರೂ ಧನುರ್ಮಾಸ ಕಾಲಿಟ್ಟಿತೆಂದರೆ, ಕಾಶ್ಮೀರದ ಗುಲ್ಮರ್ಗಿನ ಸ್ಕೀ ಇಳಿಜಾರುಗಳ ಮೇಲೆ ಎಂದು, ಎಷ್ಟು, ಎಂತಹ ಹಿಮ ಬಿದ್ದೀತೆಂದು ನಕಾಶೆಗಳನ್ನು ಹರಡಿಕೊಂಡು ಗಣಿಸುತ್ತ ಕೂಡುವುದು, ಧಾರವಾಡದ ಮಳೆಯಲ್ಲಿ ಬೆಳೆದು ಈ ಊರಿಗೆ ಬಂದು ನೆಲೆಸಿದ ನನಗೆ ಪರಮಪ್ರಿಯವಾದ ವಿನೋದವಾಗಿದೆ.

ಹಿಮಕ್ಕೂ ಪುಣೆಗೂ ಏನು ನಂಟು ಎನ್ನುವವರು ಶಿವಾಜಿನಗರದ ಹವಾಮಾನ ಕಛೇರಿಯನ್ನು ಜನ ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುವುದನ್ನು ಗಮನಿಸಬೇಕು. 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯ ಮುಖ್ಯಾಲಯವು 1928ರಲ್ಲಿ ಸಿಮ್ಲಾದಿಂದ ಇಳಿದು ಬಂದದ್ದು ಇಲ್ಲಿಗೆ. ಆ ಇಲಾಖೆಯ ಮೊದಲ ಮುಖ್ಯಸ್ಥನಾದ ಹೆನ್ರಿ ಬ್ಲ್ಯಾನ್‌ಫರ್ಡನು, ಹಿಮಾಲಯದಲ್ಲಿ ಹಿಮವು ಅತಿಯಾಗಿ ಬಿದ್ದ ವರ್ಷ ಬಯಲಿನಲ್ಲಿ ಒಣಗಾಳಿ ಬೀಸಿ ಮುಂಗಾರು ಕುಗ್ಗುವುದೆಂದು 1884ರಲ್ಲಿ ಪ್ರತಿಪಾದಿಸಿದನು. 1886ರಲ್ಲಿ ಹೊರಟ ಪ್ರಥಮ ನಿಯತ ಮುಂಗಾರು ಮುನ್ಸೂಚನೆಗೆ ಆ ಹಿಮವೇ ಆಧಾರವಾಯಿತು. ದಖ್ಖನದ ರೈತನು ಬಿತ್ತನೆಗೆ ಕೇಳುವ ಭವಿಷ್ಯವು ಪರ್ವತದ ಹಿಮವನ್ನು ಅಳೆಯುವುದರಿಂದ ಮೊದಲಾಯಿತೆಂಬ ಸಂಗತಿ ನನಗೆ ಎಂದಿಗೂ ಹಳತಾಗದು.

ಇನ್ನು ಗಣನೆಯ ರೀತಿ. ನೋಟವನ್ನು ಮೊದಲು ಪಶ್ಚಿಮಕ್ಕೆ ಹರಿಸಬೇಕು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹುಟ್ಟಿ, ಇರಾನ್ ಅಫಘಾನಿಸ್ತಾನಗಳನ್ನು ದಾಟಿ, ಮೇಲ್ಸ್ತರದ ಜೆಟ್ ಪ್ರವಾಹದೊಡನೆ ಸಾಗಿ ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ವಾಯುಕ್ಷೋಭೆಯು ಉಪಗ್ರಹದ ಚಿತ್ರದಲ್ಲಿ ಬಾಗಿದ ಬಿಳಿಯ ಪಟ್ಟಿಯಾಗಿ ಗೋಚರಿಸುತ್ತದೆ. ಅದರ ಮುಂಭಾಗದ ನೈಋತ್ಯ ಗಾಳಿಯು ಅರಬ್ಬೀ ಸಮುದ್ರದ ತೇವವನ್ನೂ ಹೀರಿಕೊಂಡು ಪೀರ್ ಪಂಜಾಲ್ ಶ್ರೇಣಿಗೆ ಎದುರಾಗಿ ಬೀಸಿದರೆ, ಮೇಲೇರಲೇಬೇಕಾದ ಆ ವಾಯುವು ತಣಿದು ತನ್ನ ಭಾರವನ್ನು ಅಲ್ಲಿಯೇ ಇಳಿಸುತ್ತದೆ. ಬೇರೆ ದಿಕ್ಕಿನಿಂದ ಬೀಸಿದರೆ ಅಷ್ಟೇ ತೇವ ಬಹಳಮಟ್ಟಿಗೆ ವ್ಯರ್ಥ.

ಆಮೇಲೆ ಬರುವುದು ನನಗೆ ಎಲ್ಲಕ್ಕಿಂತ ರುಚಿಸುವ ಪ್ರಶ್ನೆ: ಶೂನ್ಯ ಡಿಗ್ರಿಯ ಮಟ್ಟ ಎಲ್ಲಿದೆ? ಗುಲ್ಮರ್ಗ್ ಊರು ಇರುವುದು ಸುಮಾರು 2,650 ಮೀಟರಿನಲ್ಲಿ. ಗೊಂಡೋಲಾ ಎಂಬ ಕೇಬಲ್ ಕಾರ್ ಏರಿ ಅಫರ್ವತ್ ಶಿಖರದ ಮಗ್ಗುಲಿಗೆ ಹೋದರೆ 3,900 ಮೀಟರಿಗೂ ಮೇಲೆ. ಮೇಲೆ ಒಣಹಿಮ ಸುರಿಯುತ್ತಿರುವಾಗ ಕೆಳಗೆ ಬರಿಯ ಮಳೆಯಾಗಬಹುದು. ಆದರೆ ಕೆಳಗಿನ ಗಾಳಿ ಒಣಗಿದ್ದರೆ, ಬೀಳುತ್ತಿರುವ ಹನಿಗಳೂ ಹಿಮದ ಚೂರುಗಳೂ ಆವಿಯಾಗುತ್ತ ಆ ಗಾಳಿಯ ಶಾಖವನ್ನು ತಾವೇ ಕಸಿದುಕೊಂಡು, ಮಳೆ ಹಿಮವಾಗುವ ಎಲ್ಲೆಯನ್ನು ನೂರಾರು ಮೀಟರ್ ಕೆಳಗೆ ಎಳೆದು ತರುತ್ತವೆ; ಹಿಮವು ತನ್ನ ದಾರಿಯನ್ನು ತಾನೇ ತಂಪುಮಾಡಿಕೊಳ್ಳುವ ಈ ವ್ಯಾಪಾರದಷ್ಟು ಸುಂದರವಾದದ್ದು ವಾಯುಶಾಸ್ತ್ರದಲ್ಲಿ ಬೇರೊಂದಿಲ್ಲವೆಂದು ನಾನು ಬಗೆದಿದ್ದೇನೆ. ಒಂದು ಮಿಲಿಮೀಟರ್ ನೀರಿಗೆ ಸ್ಥೂಲವಾಗಿ ಒಂದು ಸೆಂಟಿಮೀಟರ್ ಹಿಮ, ಚಳಿ ಹೆಚ್ಚಿದ್ದರೆ ಇನ್ನಷ್ಟು, ಎಂಬ ಲೆಕ್ಕವನ್ನು ಯಾರಾದರೂ ಹಾಕಿಯಾರು. ಇಷ್ಟು ಅಡಿ ಹಿಮ ಎಂದು ಸಾರುವವನಿಗಿಂತ, ಎಲ್ಲೆ ಎಲ್ಲಿ ನಿಂತೀತೆಂದು ಹೇಳಬಲ್ಲವನನ್ನೇ ನಾನು ನಂಬುತ್ತೇನೆ.

ದೂರದಲ್ಲಿದ್ದರೂ ಈ ವಿನೋದಕ್ಕೆ ಸಾಕ್ಷ್ಯ ದೊರೆಯದೆ ಹೋಗುವುದಿಲ್ಲ. ಕ್ಷೋಭೆಯು ಪೂರ್ವಕ್ಕೆ ಸರಿದ ತರುವಾಯ, ಅದರ ಹಿಂದಿನ ಒಣಶೀತಲ ಮಾರುತವು ಉತ್ತರದ ಬಯಲುಗಳನ್ನು ಹಾದು ದಖ್ಖನಕ್ಕೂ ಇಳಿದರೆ, ಪುಣೆಯ ಮುಂಜಾನೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಇಲ್ಲಿನ ಪಾಷಾಣ್ ಬಡಾವಣೆಯ ರಸ್ತೆಬದಿಯಲ್ಲಿ ಒಣಎಲೆ ಗುಡ್ಡೆಹಾಕಿ ಬೆಂಕಿ ಕಾಯಿಸುವವರನ್ನು ಕಂಡಾಗ, ಆ ಗಾಳಿ ಹಿಂದೆ ಬಿಟ್ಟುಬಂದ ಹಿಮವನ್ನು ನಾನು ಮನಸ್ಸಿನಲ್ಲೇ ಅಳೆಯತೊಡಗುತ್ತೇನೆ.

ಡಿಸೆಂಬರ್ 21ರಿಂದ ನಾಲ್ವತ್ತು ದಿನಗಳ ಕಡುಚಳಿಗೆ ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ. ಆಗ ಬಿದ್ದದ್ದೇ ಗಟ್ಟಿಯಾಗಿ ಬಹುಕಾಲ ಬಾಳುವ ಹಿಮ. 2024ರಲ್ಲಿ ಆ ಅವಧಿಯ ಬಹುಭಾಗ ಬರಿದಾಗಿಯೇ ಕಳೆದು, ಗುಲ್ಮರ್ಗಿನ ಕಂದುಹುಲ್ಲಿನ ಛಾಯಾಚಿತ್ರಗಳು ದೇಶವೆಲ್ಲ ಹರಡಿದುವು. 2025ರ ಫೆಬ್ರುವರಿಯಲ್ಲಿ ಹಿಮ ಸಾಲದೆ ಅಲ್ಲಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಮುಂದೂಡಬೇಕಾಯಿತು. ಗೊಂಡೋಲಾ, ಕುದುರೆ, ಬಾಡಿಗೆಯ ಸ್ಕೀಗಳನ್ನು ನಂಬಿ ಬದುಕುವವರ ಸಂಕಟ ಇಲ್ಲಿ ಕುಳಿತವನನ್ನೂ ಕಾಡುತ್ತಿತ್ತು. ಆ ತಿಂಗಳ ಕೊನೆಯ ವಾರ ನೀಳವಾದ ಕ್ಷೋಭೆಯೊಂದು ಅರಬ್ಬೀ ಸಮುದ್ರದವರೆಗೆ ಬಾಲವನ್ನು ಚಾಚಿ ಬರುವುದನ್ನು ಕಂಡು ನಾನು ರಾತ್ರಿ ಬಹಳ ಹೊತ್ತು ನಕಾಶೆಗಳನ್ನು ಮಡಿಚಿಡಲಿಲ್ಲ. ಹಿಮ ಧಾರಾಳವಾಗಿ ಬಿದ್ದಿತು. ಮಾರ್ಚ್ 9ರಿಂದ 12ರವರೆಗೆ ಕ್ರೀಡೆಗಳೂ ನಡೆದುವು.