ನಾಯಿಗೆಂದು ಎತ್ತಿದ ಹಣ

ಮೊನ್ನೆ ಕೋವಾಡದ ಸಂತೆಯಲ್ಲಿ ಒಬ್ಬರು ನಮ್ಮನ್ನು ತಡೆದು ಕೇಳಿದರು, "ಏನ್ರಿ ಗುರೂಜಿ, ಆ ನಾಯಿ ಬಂತೇನ್ರಿ?"

ಹೀಗೆ ಕೇಳಿದವರಲ್ಲಿ ಅವರು ಮೊದಲನೆಯವರಲ್ಲ. ಕೊಟ್ಟವರು ಕೇಳುತ್ತಾರೆ, ಕೇಳಲೇಬೇಕು. ಆದರೆ ಬಸ್‍ ಸ್ಟ್ಯಾಂಡಿನಲ್ಲಿ ನಿಂತು, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಇಷ್ಟುದ್ದದ ಕಥೆ ಹೇಳುವುದು ಹೇಗೆ? ಅದಕ್ಕೇ ಎಲ್ಲವನ್ನೂ ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇವೆ. 'ನಾವು' ಅಂದರೆ ನಮ್ಮ ಶಾಲೆಯ ಮೂರು ಜನ ಶಿಕ್ಷಕರು. ತಪ್ಪು ಮೂವರದೂ ಇದೆ, ಆದ್ದರಿಂದ ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳುವುದಿಲ್ಲ.

ನಮ್ಮದು ಗಡಿಯ ಈಚೆ ಇರುವ ಕನ್ನಡ ಶಾಲೆ. ಜಿಲ್ಲೆ ಕೊಲ್ಹಾಪುರ, ಪುಸ್ತಕ ಬಾಲಭಾರತಿಯ ಕನ್ನಡ ಪುಸ್ತಕ, ಮನೆಯ ಮಾತು ಕನ್ನಡ, ಪೇಟೆಯ ಮಾತು ಮರಾಠಿ. ಇಂಥ ಶಾಲೆಗಳಲ್ಲಿ ಒಂದು ಮಗು ಬಿಟ್ಟರೂ ಪಟದಲ್ಲಿ ಎದ್ದು ಕಾಣುತ್ತದೆ ಎನ್ನುವುದು ಇದನ್ನು ಓದುವ ಶಿಕ್ಷಕ ಮಿತ್ರರಿಗೆ ಗೊತ್ತಿದ್ದದ್ದೇ.

2023ರಲ್ಲಿ ನಮ್ಮ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. (ಹೆಸರು ಬರೆಯುವುದಿಲ್ಲ, ಬರೆಯಬೇಡಿ ಅಂತ ಅವಳೇ ಹೇಳಿದ್ದಾಳೆ.) ಹುಟ್ಟಿದಾಗಿನಿಂದ ದೃಷ್ಟಿ ಕಡಿಮೆ. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ತಿಳಿಯುತ್ತದೆ. ಕಿವಿಯಿಂದ ಕೇಳಿ ಮಗ್ಗಿ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಶಾಲೆಯಲ್ಲಿ ಇಲ್ಲ. ಮನೆ ಇರುವುದು ಊರ ಹೊರಗೆ ತೋಟದಲ್ಲಿ, ಶಾಲೆಗೆ ಒಂದು ಕಿಲೋಮೀಟರಿನ ಮೇಲೆ ಸ್ವಲ್ಪ. ದಿನವೂ ಅಣ್ಣನ ಹೆಗಲ ಮೇಲೆ ಕೈಯಿಟ್ಟು ಬರುತ್ತಿದ್ದಳು. ಅಣ್ಣ ಏಳನೆಯ ತರಗತಿ. ಅಂದರೆ 2024ರ ಜೂನಿನಿಂದ ಅವನು ಹೈಸ್ಕೂಲಿಗೆ, ಬೇರೆ ದಾರಿ, ಬೇರೆ ವೇಳೆ. ತಂದೆ ತಾಯಿ ಇಬ್ಬರೂ ಬೆಳಗಾದರೆ ಹೊಲಕ್ಕೆ. "ಮುಂದಿನ ವರ್ಷ ಆಕೀನ ಮನ್ಯಾಗ ಇಟ್ಕೊಂತೇವ್ರಿ" ಅಂತ ತಾಯಿ ಹೇಳಿದಾಗ ನಮಗೆ ಮಾತು ಹೊರಡಲಿಲ್ಲ. ಬೆಳಗಾವಿಯಲ್ಲಿ ಅಂಧ ಮಕ್ಕಳ ಶಾಲೆ ಇದೆ, ಹಾಸ್ಟೆಲಿನಲ್ಲಿ ಬಿಡಬಹುದು ಅಂದೆವು. ಅಷ್ಟು ಸಣ್ಣ ಹುಡುಗಿಯನ್ನು ದೂರ ಬಿಡಲು ಅವರು ತಯಾರಿರಲಿಲ್ಲ. ತಪ್ಪು ಅನ್ನುವಂತೆಯೂ ಇಲ್ಲ.

ಅದೇ ದಿನಗಳಲ್ಲಿ ಮಕ್ಕಳಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆವು. ಕಣ್ಣಿಲ್ಲದ ಒಬ್ಬರನ್ನು ನಾಯಿಯೊಂದು ರಸ್ತೆ ದಾಟಿಸುತ್ತದೆ. ಜೊತೆಗೆ ಒಂದು ಕಥೆಯನ್ನೂ ಹೇಳಿದೆವು. 1964ರಲ್ಲಿ ಇಂಗ್ಲೆಂಡಿನ 'ಬ್ಲೂ ಪೀಟರ್' ಎಂಬ ಟಿವಿ ಕಾರ್ಯಕ್ರಮದವರು ಮಕ್ಕಳಿಗೆ ಕರೆ ಕೊಟ್ಟು, ಮನೆಮನೆಯ ಬೆಳ್ಳಿ ಕಾಗದ ಕೂಡಿಸಿ, ಅದನ್ನು ಮಾರಿ ಬಂದ ಹಣದಿಂದ ಅಂಧರಿಗೆ ನಾಯಿ ಕೊಡಿಸಿದ್ದರು. ಮುಗಿಯಿತು ನೋಡಿ! ಮಾರನೆಯ ದಿನವೇ ನಾಲ್ವರು ಹುಡುಗರು ಬಿಸ್ಕಿಟಿನ ಡಬ್ಬಿಗೆ ತೂತು ಕೊರೆದು ತಂದಿದ್ದರು. ಮೇಲೆ ಸ್ಕೆಚ್‍ ಪೆನ್ನಿನಲ್ಲಿ "ನಾಯಿ ನಿಧಿ".

ನಮಗೂ ಉಮೇದು ಬಂತು. ವಿಚಾರಿಸದೆ ಕೈಹಾಕಿದೆವು.

ಹಣ ಬಂದ ಬಗೆಯನ್ನು ಹೇಳಲೇಬೇಕು. ಡಿ.ಎಡ್. ಮಾಡುವಾಗಿನ ನಮ್ಮ ಗೆಳೆಯ ಗೆಳತಿಯರು ಈಗ ಗಡಹಿಂಗ್ಲಜ, ಜತ್ತ, ಅಕ್ಕಲಕೋಟ ಕಡೆಯ ಶಾಲೆಗಳಲ್ಲಿದ್ದಾರೆ. ಅವರಿಂದ 14,500 ರೂಪಾಯಿ. ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ಪಗಾರದ ದಿನ ತಮ್ಮತಮ್ಮಲ್ಲೇ ಕೂಡಿಸಿ ಕಳಿಸಿದ್ದು 6,200. ಗಣಪತಿ ಮಂಡಳದ ತರುಣರು ಈ ವರ್ಷ ಡಾಲ್ಬಿ ಬೇಡ ಅಂತ ಉಳಿಸಿ ಕೊಟ್ಟದ್ದು 5,001. ಹಾಲಿನ ಡೇರಿಯಲ್ಲಿ ಹಾಲು ಹಾಕುವವರಿಂದ 2,100. ಬಚತ್ ಗಟದ ಹೆಣ್ಣುಮಕ್ಕಳು ವಾರಕ್ಕೆ ಹತ್ತು ಹತ್ತು ರೂಪಾಯಿಯಂತೆ ಕೊಟ್ಟದ್ದು 1,820. ಮಕ್ಕಳ ಡಬ್ಬಿಯಲ್ಲಿ ಚಿಲ್ಲರೆಯೇ 1,347. ಒಟ್ಟು 30,968.

ನಮ್ಮ ಕಡೆಯ ಜನಕ್ಕೆ ಕೊಡುವುದು ಹೊಸದಲ್ಲ. 2019ರ ಆಗಸ್ಟಿನಲ್ಲಿ ತಾಮ್ರಪರ್ಣಿ ಏರಿ ಕೋವಾಡದ ಪೇಟೆಗೆ ನೀರು ನುಗ್ಗಿದಾಗ ಯಾರೂ ಯಾರ ಹತ್ತಿರವೂ ಕೇಳಿಸಿಕೊಳ್ಳದೆ ಕೊಟ್ಟದ್ದನ್ನು ನೋಡಿದ್ದೇವೆ. ಆದರೆ ಕೊಡುವವರಿಗೂ ಒಂದು ಆಸೆ ಇರುತ್ತದಲ್ಲ... ಮಂಡಳದವರು "ನಾಯಿಯ ಪಟ್ಟಿ ಮ್ಯಾಲ ನಮ್ಮ ಮಂಡಳದ ಹೆಸರು ಬರಬೇಕ್ರಿ" ಅಂದಿದ್ದರು. ನಕ್ಕು ಹೂಂ ಅಂದಿದ್ದೆವು.

ದೀಪಾವಳಿ ರಜೆಯಲ್ಲಿ ನಾಯಿ ಎಲ್ಲಿ ಸಿಗುತ್ತದೆ ಅಂತ ಹುಡುಕತೊಡಗಿದೆವು. ಆಗ ತಿಳಿದದ್ದು ನಮ್ಮ ಅಜ್ಞಾನ ಎಷ್ಟು ದೊಡ್ಡದು ಅಂತ.

ಊರಲ್ಲಿ ಒಬ್ಬರು "ಮುಧೋಳ ನಾಯಿ ತರ್ರಿ, ಬೆಳಗಾವಿ ದಾಟಿದ್ರ ಬಂತು" ಅಂದರು. ನಮಗೂ ಸರಿ ಅನ್ನಿಸಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಆ ತಳಿಯ ಸಂಶೋಧನಾ ಕೇಂದ್ರವೇ ಇದೆ, 2005ರಲ್ಲಿ ಅಂಚೆ ಚೀಟಿಯ ಮೇಲೂ ಆ ನಾಯಿ ಬಂದಿದೆ. ಆದರೆ ತಿಳಿದವರು ಹೇಳಿದರು: ಅದು ಬೇಟೆಯ ನಾಯಿ, ದೂರದಲ್ಲಿ ಮೊಲ ಕಂಡರೆ ಓಡುವುದೇ ಅದರ ಗುಣ. ಕೈಯಲ್ಲಿ ಹುಡುಗಿ ಇದ್ದಾಳೆ ಅನ್ನುವುದು ಅದಕ್ಕೆ ನೆನಪಿರುತ್ತದೆಯೇ? ಈ ಕೆಲಸಕ್ಕೆ ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ನಾಯಿಗಳನ್ನೇ ಆರಿಸುತ್ತಾರೆ.

ಆರಿಸಿದ ಮೇಲೂ ಅದು ಕೊಂಡು ತರುವ ಸಾಮಾನಲ್ಲ. ಎರಡು ತಿಂಗಳ ಮರಿಯನ್ನು ಮೊದಲು ಒಂದು ಮನೆಯಲ್ಲಿ ವರ್ಷ, ವರ್ಷಕ್ಕೂ ಹೆಚ್ಚು ಕಾಲ ಸಾಕುತ್ತಾರೆ. ಗದ್ದಲ, ಬಸ್ಸು, ಅಂಗಡಿ ಎಲ್ಲವೂ ರೂಢಿಯಾಗಬೇಕು. ಆಮೇಲೆ ಶಾಲೆಗೆ ಒಯ್ದು ತಿಂಗಳುಗಟ್ಟಲೆ ತರಬೇತಿ. ಕೊನೆಗೆ ನಾಯಿ ಪಡೆಯುವವರೂ ಬಂದು ಕೆಲವು ವಾರ ಅದರ ಜೊತೆ ಕಲಿಯಬೇಕು. ಎಲ್ಲ ನಾಯಿಗಳೂ ಪಾಸಾಗುವುದಿಲ್ಲ. (ನಮ್ಮಲ್ಲಿಯೂ ಹಾಗೆಯೇ ಅನ್ನಬೇಡಿ, ಎಂಟನೆಯ ತರಗತಿಯವರೆಗೆ ಯಾರನ್ನೂ ಹಿಂದೆ ಹಾಕದೆ ಬಹಳ ವರ್ಷ ನಡೆಸಿದವರು ನಾವು!) ಅಮೆರಿಕದಲ್ಲಿ ಇಂಥ ಒಂದು ನಾಯಿಯ ಹಿಂದೆ ಆಗುವ ಖರ್ಚು ನಮ್ಮ ಲೆಕ್ಕದಲ್ಲಿ ಹತ್ತಾರು ಲಕ್ಷ ರೂಪಾಯಿ. ಅಲ್ಲಿ 1929ರಲ್ಲಿ ಶುರುವಾದ 'ಸೀಯಿಂಗ್ ಐ' ಸಂಸ್ಥೆ ಮೊದಲ ನಾಯಿಗೆ ಪಡೆಯುವವರಿಂದ ತೆಗೆದುಕೊಳ್ಳುವುದು 150 ಡಾಲರ್ ಮಾತ್ರ. ಅದೂ ಭಿಕ್ಷೆ ಅನ್ನಿಸಬಾರದು ಅಂತ. ಉಳಿದದ್ದೆಲ್ಲ ದಾನದ ಹಣ. ಆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬನಾದ ಮಾರಿಸ್ ಫ್ರಾಂಕ್ ತಾನೇ ಕಣ್ಣಿಲ್ಲದವನು. 1928ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಡ್ಡಿ ಎಂಬ ನಾಯಿಯನ್ನು ಕರೆತಂದು, ನ್ಯೂಯಾರ್ಕಿನ ತುಂಬು ರಸ್ತೆಯನ್ನು ಪತ್ರಕರ್ತರ ಎದುರೇ ದಾಟಿ ತೋರಿಸಿದ್ದ. ಅಲ್ಲಿ ನಾಯಿ ಪಡೆಯಲು ಹದಿನಾರು ವರ್ಷ ತುಂಬಿರಬೇಕು. ನಮ್ಮ ಹುಡುಗಿಗೆ ಒಂಬತ್ತು.

ಇನ್ನೊಂದು ಮಾತು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ನಾಯಿಗೆ ದಾರಿ ಗೊತ್ತಿರುತ್ತದೆ, "ಶಾಲೆಗೆ ನಡಿ" ಅಂದರೆ ಒಯ್ಯುತ್ತದೆ ಅಂತ ನಾವು ತಿಳಿದಿದ್ದೆವು. ಹಾಗಲ್ಲವಂತೆ. ದಾರಿ ಮನುಷ್ಯನಿಗೆ ಗೊತ್ತಿರಬೇಕು. ಎಲ್ಲಿ ತಿರುಗಬೇಕು ಅಂತ ಅವನೇ ಹೇಳಬೇಕು. ನಾಯಿ ಅಡ್ಡ ಬಂದದ್ದನ್ನು ತಪ್ಪಿಸುತ್ತದೆ, ಗುಂಡಿ ಬಂದರೆ ನಿಲ್ಲುತ್ತದೆ, ಗಾಡಿ ಬರುತ್ತಿದ್ದರೆ "ನಡಿ" ಅಂದರೂ ನಡೆಯುವುದಿಲ್ಲ. ಅಂದರೆ ಮೊದಲು ಒಬ್ಬಳೇ ನಡೆಯುವುದನ್ನು ಕಲಿತಿರಬೇಕು, ನಾಯಿ ಆಮೇಲೆ. ನಾವು ಅವಳಿಗೆ ಒಂದು ಬಿಳಿ ಕೋಲನ್ನೂ ಕೊಡಿಸಿರಲಿಲ್ಲ!

ನಾಯಿ ಕೊಡುತ್ತೀರಾ ಅಂತ ಕೇಳಿದ ಕಡೆಯಿಂದೆಲ್ಲ ಬಂದ ಉತ್ತರ ಒಂದೇ: ಇಲ್ಲ. ಕೈಯಲ್ಲಿ ಮೂವತ್ತು ಸಾವಿರ. ಗೋಡೆಯ ಮೇಲೆ ಮಕ್ಕಳು ಬಿಡಿಸಿದ ನಾಯಿಯ ಚಿತ್ರ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಉತ್ಪ್ರೇಕ್ಷೆಯಲ್ಲ.

ಮೊದಲು ಹುಡುಗಿಗೆ ಹೇಳಬೇಕು ಅಂತ ಮೂವರೂ ಅವಳ ಮನೆಗೆ ಹೋದೆವು. ಸುತ್ತಿ ಬಳಸಿ ಹೇಳಿದೆವು: ನಾಯಿ ಸಿಗುವ ಹಾಗೆ ಕಾಣುವುದಿಲ್ಲವಾ, ಬೇಜಾರು ಮಾಡ್ಕೋಬ್ಯಾಡ...

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ಚಲೋ ಆತ್ರಿ ಗುರೂಜಿ. ನನಗ ನಾಯಿ ಅಂದ್ರ ಭಾಳ ಅಂಜಿಕಿ ಐತ್ರಿ."

ಐದು ವರ್ಷದವಳಿದ್ದಾಗ ಬೀದಿನಾಯಿ ಕಚ್ಚಿತ್ತಂತೆ. ಸೂಜಿ ಹಾಕಿಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಬೊಗಳುವ ನಾಯಿಗಿಂತ ಸುಮ್ಮನೆ ಹತ್ತಿರ ಬರುವ ನಾಯಿಯ ಭಯ ಅವಳಿಗೆ ಹೆಚ್ಚು, ಯಾಕೆಂದರೆ ಅದು ಬಂದದ್ದು ತಿಳಿಯುವುದಿಲ್ಲ.

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲವಾ?"

"ಯಾರೂ ಕೇಳಲೇ ಇಲ್ಲಲ್ರಿ. ಎಲ್ಲಾರೂ ಭಾಳ ಖುಷಿಲೆ ಇದ್ರಿ."

ಎರಡೂವರೆ ತಿಂಗಳು ಊರೆಲ್ಲ ಅವಳ ಹೆಸರಿನಲ್ಲಿ ಹಣ ಎತ್ತಿದ್ದೆವು. ಡಬ್ಬಿ ಹಿಡಿದು ಓಡಾಡುವ ಮಕ್ಕಳ ಜೊತೆ ಅವಳೂ ಕೂತು ಚಿಲ್ಲರೆ ಎಣಿಸಿದ್ದಳು. ನಮ್ಮ ಕೊಲ್ಹಾಪುರದವರೇ ಆದ ನಸೀಮಾ ಹುರಜೂಕ ಅವರ 'ಚಾಕಾಚೀ ಖುರ್ಚಿ' ನಮ್ಮಲ್ಲೊಬ್ಬರ ಮನೆಯ ಕಪಾಟಿನಲ್ಲಿದೆ. ಹರೆಯದಲ್ಲೇ ಕಾಲಿನ ಬಲ ಹೋಗಿ ಗಾಲಿ ಕುರ್ಚಿಗೆ ಬಂದವರು ಅವರು. 1984ರಲ್ಲಿ ಗೆಳೆಯರೊಂದಿಗೆ ಸೇರಿ 'ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್' ಸಂಸ್ಥೆ ಕಟ್ಟಿದರು. ಅಲ್ಲಿ ಏನು ಬೇಕು ಅಂತ ಹೇಳಿದವರು ಕುರ್ಚಿಯ ಮೇಲೆ ಕೂತವರೇ. ಪುಸ್ತಕ ಓದಿಯೂ ನಮಗೆ ಅಷ್ಟು ಹೊಳೆಯಲಿಲ್ಲ.

ಸರಿ, ಹಣದ ಗತಿ? ಕೋಲು ಮತ್ತು ತರಬೇತಿಗೆ ಬಳಸಿಬಿಡೋಣ, ಯಾರು ಬೇಡ ಅನ್ನುತ್ತಾರೆ ಅಂತ ಒಂದು ವಿಚಾರ ಬಂತು. ನಮ್ಮ ಶಾಲೆಯಿಂದ ನಿವೃತ್ತರಾದ ಹಿರಿಯ ಗುರೂಜಿಯೊಬ್ಬರು ಒಪ್ಪಲಿಲ್ಲ. "ಯಾವ ಕೆಲಸ ಹೇಳಿ ತಗೊಂಡೀರಿ ಆ ಕೆಲಸ ಆಗೂ ತನಕಾ ರೊಕ್ಕ ಕೊಟ್ಟವರದ. ಹೋಗಿ ಕೇಳ್ರಿ" ಅಂದರು.

ಹೋದೆವು. ಪಾವತಿ ಪುಸ್ತಕ ಹಿಡಿದು ಮನೆ ಮನೆಗೆ. ಕೊಡಿ ಅನ್ನುವಾಗ ಆಗದ ನಾಚಿಕೆ "ನಾವು ವಿಚಾರಿಸದೆ ತಗೊಂಡಿದ್ವಿ" ಅನ್ನುವಾಗ ಆಯಿತು. ಡೇರಿಯಲ್ಲಿ ಒಬ್ಬರು "ಮಾಸ್ತರ ಆಗಿ ಇಷ್ಟೂ ಗೊತ್ತಿರಲಿಲ್ಲೇನ್ರಿ?" ಅಂದರು. ಉತ್ತರ ಇರಲಿಲ್ಲ. ಗೆಳೆಯರಲ್ಲಿ ಇಬ್ಬರು 1,500 ರೂಪಾಯಿ ಹಿಂದಕ್ಕೆ ಪಡೆದರು, ಅವರ ಮೇಲೆ ನಮಗೆ ಎಳ್ಳಷ್ಟೂ ಬೇಸರವಿಲ್ಲ. ಉಳಿದವರು ಹುಡುಗಿಗೆ ಏನು ಬೇಕೋ ಅದನ್ನು ಮಾಡಿ ಅಂದರು. ಮಂಡಳದವರು ಮಾತ್ರ ಹಾಗಾದರೆ ಕೋಲಿನ ಮೇಲೆ ಹೆಸರು ಹಾಕಿ ಅಂತ ಹಟ ಹಿಡಿದರು. ಕೇಳಿ ಹೇಳುತ್ತೇವೆ ಅಂದೆವು. (ಕೇಳುವುದನ್ನು ಕಲಿತಿದ್ದೆವಲ್ಲ!) "ಬ್ಯಾಡ್ರಿ" ಅಂದಳು. ಮಂಡಳದ ಅಧ್ಯಕ್ಷರು ನಾಲ್ಕು ದಿನ ಮುಖ ದಪ್ಪ ಮಾಡಿಕೊಂಡು ಆಮೇಲೆ ಸುಮ್ಮನಾದರು.

ಬಚತ್ ಗಟದ ಒಬ್ಬ ಆಯಿಯ ಮಾತೇ ಬೇರೆ. "ನಾವು ನಾಯಿಗೆ ಅಂತ ಕೊಟ್ಟೇವಿ. ನಮ್ಮ ರೊಕ್ಕ ನಾಯಿಗೇ ಹೋಗಲಿ." ತಮಾಷೆ ಅಂದುಕೊಂಡೆವು. ಆಯಿ ಮುಂದುವರಿಸಿದರು: ಆ ಹುಡುಗಿ ಬರುವ ದಾರಿಯಲ್ಲಿ ಎಷ್ಟು ನಾಯಿಗಳಿವೆ ನೋಡಿದ್ದೀರಾ? ಅವಕ್ಕೆ ಸೂಜಿ ಹಾಕಿಸಿ. ಹಾಗೇ ಆಯಿತು. ಬೀದಿನಾಯಿಗಳಿಗೆ ಲಸಿಕೆ ಹಾಕಿಸುವುದು 2023ರ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಯ ಕೆಲಸ ಅಂತ ನಮಗೂ ಗೊತ್ತು, ಆದರೆ ಜೂನ್ ಕಾಯುವುದಿಲ್ಲವಲ್ಲ. ಪಂಚಾಯತಿಗೆ ತಿಳಿಸಿ, ಪಶುವೈದ್ಯರನ್ನು ಕರೆಸಿ, ದಿನವೂ ರೊಟ್ಟಿ ಹಾಕುವ ಮನೆಯವರೇ ಹಿಡಿದುಕೊಟ್ಟಂತೆ ಹದಿನೇಳು ನಾಯಿಗಳಿಗೆ ರೇಬೀಸ್ ಲಸಿಕೆ ಆಯಿತು. ಗಟದ 1,820 ಅಲ್ಲಿಗೆ ಸರಿಹೋಯಿತು.

ಕೊಲ್ಹಾಪುರದಿಂದ ಒಬ್ಬ ತರಬೇತಿದಾರರು ಬಂದರು. ಅವರಿಗೂ ಕಣ್ಣಿಲ್ಲ. ಎರಡು ಬಸ್ಸು ಬದಲಿಸಿ ಒಬ್ಬರೇ ಬಂದು ಇಳಿದದ್ದನ್ನು ನೋಡಿಯೇ ಹುಡುಗಿಯ ತಂದೆಯ ಅರ್ಧ ಚಿಂತೆ ಹೋಗಿತ್ತು. ಕೋಲು ಎದೆಯ ಗೂಡಿನಷ್ಟು ಎತ್ತರ ಇರಬೇಕು. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲಿಟ್ಟಾಗ ಎಡಕ್ಕೆ. ಹಿಟ್ಟಿನ ಗಿರಣಿಯ ಸದ್ದು ಬಂದರೆ ಅರ್ಧ ದಾರಿ, ಬೆಲ್ಲದ ಗಾಣದ ವಾಸನೆ ಬಂದರೆ ತಿರುವು ಹತ್ತಿರ. ಆದರೆ ಗಾಣ ನಡೆಯುವುದು ಕಬ್ಬಿನ ಸುಗ್ಗಿಯಲ್ಲಿ ಮಾತ್ರ, ಆದ್ದರಿಂದ ಮಳೆಗಾಲಕ್ಕೆ ಬೇರೆ ಗುರುತು ಬೇಕು ಅಂತ ಅವಳೇ ಹೇಳಿದಳು. ಈಗ ಅಲ್ಲಿಯ ಮೋರಿಯ ನೀರಿನ ಸದ್ದು ಗುರುತು.

ಕಬ್ಬಿನ ಟ್ರ್ಯಾಕ್ಟರ್‌ಗಳದ್ದು ದೊಡ್ಡ ಸಮಸ್ಯೆ. ರಸ್ತೆ ಬದಿ ನಿಲ್ಲಿಸಿದ ಟ್ರೇಲರಿನಿಂದ ಕಬ್ಬು ಹೊರಚಾಚಿ ಮುಖಕ್ಕೆ ಬಡಿಯುತ್ತದೆ. ಸಾದಾ ಕೋಲು ನೆಲದ ಮೇಲಿನದನ್ನಷ್ಟೇ ಹೇಳುತ್ತದೆ. ಅದಕ್ಕೆ ದಿಲ್ಲಿಯ ಐಐಟಿಯಲ್ಲಿ ರೂಪಿಸಿ 2014ರಲ್ಲಿ ಬಿಡುಗಡೆಯಾದ 'ಸ್ಮಾರ್ಟ್ ಕೇನ್' ತರಿಸಿದೆವು. ಮೊಳಕಾಲಿನಿಂದ ಮೇಲಕ್ಕೆ, ಮೂರು ಮೀಟರಿನೊಳಗೆ ಏನಾದರೂ ಅಡ್ಡ ಇದ್ದರೆ ಹಿಡಿಕೆ ನಡುಗಿ ತಿಳಿಸುತ್ತದೆ. ಸರ್ಕಾರದ ಎಡಿಪ್ ಯೋಜನೆಯ ಶಿಬಿರಗಳಲ್ಲಿಯೂ ಇಂಥ ಸಾಧನಗಳು ಸಿಗುತ್ತವೆ, ನಿಮ್ಮ ಶಾಲೆಯಲ್ಲಿ ಇಂಥ ಮಕ್ಕಳಿದ್ದರೆ ಮೊದಲು ಅಲ್ಲಿ ಕೇಳಿ. ಶಿಬಿರದ ದಿನಕ್ಕೆ ಕಾಯುವಷ್ಟು ವೇಳೆ ನಮಗಿರಲಿಲ್ಲ.

2024ರ ಜೂನಿನಲ್ಲಿ ಶಾಲೆ ಶುರುವಾದ ದಿನ ಅವಳು ಒಬ್ಬಳೇ ಬಂದಳು. ಒಬ್ಬಳೇ ಅಂದರೆ, ಐವತ್ತು ಹೆಜ್ಜೆ ಹಿಂದೆ ತಾಯಿ, ಅವರ ಹಿಂದೆ ನಮ್ಮಲ್ಲಿಬ್ಬರು, ಸದ್ದು ಮಾಡದೆ. ಗೇಟಿನ ಹತ್ತಿರ ನಿಂತು ಹಿಂದಿರುಗದೆಯೇ "ಬಾಯಾರ ಚಪ್ಪಲಿ ಸಪ್ಪಳಾ ಗಿರಣಿಯಿಂದ ಕೇಳಾಕತ್ತಿತ್ತ್ರಿ" ಅಂದಳು.

ಬೀದಿಯಲ್ಲಿ ನಾಯಿಗಳು ಈಗಲೂ ಇವೆ. ಕೋಲು ಕಂಡರೆ ಹೊಡೆಯುತ್ತಾರೆ ಅಂತ ಎರಡು ಮೊದಮೊದಲು ಬೊಗಳಿದವು, ಆಮೇಲೆ ರೂಢಿಯಾಯಿತು. ಅವಳ ಅಂಜಿಕೆ ಹೋಗಿಲ್ಲ. ಮಕ್ಕಳು ಬೆಳಿಗ್ಗೆ ಆ ತಿರುವಿನ ಹತ್ತಿರ ನಿಂತು, ಅವಳು ದಾಟಿದ ಮೇಲೆ ಶಾಲೆಗೆ ಓಡುತ್ತಾರೆ.

ಲೆಕ್ಕ: ಬಂದದ್ದು 30,968. ಹಿಂದಿರುಗಿಸಿದ್ದು 1,500. ನಾಯಿಗಳ ಲಸಿಕೆ 1,820. ಎರಡು ಸಾದಾ ಕೋಲು ಮತ್ತು ಒಂದು ಸ್ಮಾರ್ಟ್ ಕೇನ್ 4,300. ತರಬೇತಿದಾರರ ಗೌರವಧನ ಮತ್ತು ಪ್ರಯಾಣ 16,000. ಉಳಿದದ್ದು 7,348. ಅವಳು ಎತ್ತರವಾದಂತೆ ಕೋಲು ಬದಲಿಸಬೇಕಾಗುತ್ತದೆ, ಅದಕ್ಕೆ ಅಂತ ಇಟ್ಟಿದ್ದೇವೆ. ಅವಳನ್ನು ಕೇಳಿಯೇ ಇಟ್ಟದ್ದು. ವಹಿ ಮತ್ತು ಪಾವತಿ ಪುಸ್ತಕ ಶಾಲೆಯ ಕಪಾಟಿನಲ್ಲಿವೆ, ಕೊಟ್ಟವರು ಯಾವಾಗ ಬೇಕಾದರೂ ಬಂದು ನೋಡಬಹುದು. ವಹಿಯ ಮೇಲಿನ ಹೆಸರು ಮಾತ್ರ ಇನ್ನೂ "ನಾಯಿ ನಿಧಿ" ಅಂತಲೇ ಇದೆ, ಮಕ್ಕಳು ಬದಲಿಸಲು ಬಿಡುತ್ತಿಲ್ಲ.