ಮೋತಿಯ ಓಟಕ್ಕೊಂದು ಬಯಲು

ಮಕ್ಕಳು ಅಮೆರಿಕೆಯಲ್ಲಿ ನೆಲೆಸಿದ ಮೇಲೆ ತಂದೆತಾಯಿಗಳು ಆರು ತಿಂಗಳ ಮಟ್ಟಿಗೆ ಹೋಗಿ ಇದ್ದು ಬರುವುದು ಈಗ ನಮ್ಮ ಸಮಾಜದ ಅನೇಕ ಮನೆತನಗಳಲ್ಲಿ ರೂಢಿಯಾಗಿದೆ. ಹೋಗಿ ಬಂದವರು ನಯಾಗರಾ ಜಲಪಾತವನ್ನು, ವಿಶಾಲವಾದ ರಸ್ತೆಗಳನ್ನು, ಅಲ್ಲಿಯ ಶಿಸ್ತನ್ನು ವರ್ಣಿಸುವುದು ವಾಡಿಕೆ. ನಾನು ಹೇಳಹೊರಟಿರುವುದು ಅಲ್ಲಿಯ ನಾಯಿಗಳ ಉದ್ಯಾನಗಳ ಸಂಗತಿ. ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಆದರೆ 2023ರ ಬೇಸಿಗೆಯಲ್ಲಿ ನಮ್ಮ ಮಗನ ಮನೆಯ ನೆಮ್ಮದಿಯೆಲ್ಲ ಇದೊಂದರ ಮೇಲೆಯೇ ನಿಂತಿತ್ತು.

ಮಗನು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವದ ದಂಡೆಯಲ್ಲಿ, 1956ರಲ್ಲಿ ಐದು ಸಣ್ಣ ಊರುಗಳು ಒಂದುಗೂಡಿ ಆದ ನಗರವಿದು. ಭಾರತೀಯರು ಬಹು ಸಂಖ್ಯೆಯಲ್ಲಿದ್ದಾರೆ. ಸಂಜೆ ತಿರುಗಾಡಲು ಹೊರಟರೆ ಕನ್ನಡವೂ ಕಿವಿಗೆ ಬೀಳುವುದುಂಟು. ಮನೆಗಳು ಚೆಂದ, ಆದರೆ ಒತ್ತೊತ್ತಾಗಿವೆ. ಹಿತ್ತಲೆಂದರೆ ಹಲಗೆಯ ಬೇಲಿಯೊಳಗಣ ಹತ್ತು ಹೆಜ್ಜೆಯ ಹುಲ್ಲುನೆಲ. ಆ ಹಿತ್ತಲಲ್ಲಿ ಎರಡು ವರ್ಷ ಪ್ರಾಯದ ಒಂದು ದೊಡ್ಡ ನಾಯಿ. ಅನಾಥ ಪ್ರಾಣಿಗಳ ಆಶ್ರಯದಿಂದ ತಂದುದು. ಲ್ಯಾಬ್ರಡಾರ್ ಮತ್ತು ಹಸ್ಕಿ ತಳಿಗಳ ಮಿಶ್ರಣವೆಂದು ಅವರ ಕಾಗದದಲ್ಲಿ ಬರೆದಿತ್ತು. ಮೊಮ್ಮಗಳು ಹೆಸರು ಕೇಳಿ ಧಾರವಾಡಕ್ಕೆ ಫೋನು ಮಾಡಿದಾಗ ನನ್ನ ಮನೆಯವರು ಕ್ಷಣವೂ ಯೋಚಿಸದೆ ‘ಮೋತಿ’ ಎಂದಿದ್ದರು. ನಮ್ಮ ಕಡೆ ನಾಯಿಗೆ ಬೇರೆ ಹೆಸರಾದರೂ ಎಲ್ಲಿದೆ!

ಹಸ್ಕಿ ಎಂಬುದು ಹಿಮದ ನಾಡಿನಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ತಳಿ. ಲ್ಯಾಬ್ರಡಾರ್ ಬೇಟೆಗಾರನು ಹೊಡೆದ ಹಕ್ಕಿಯನ್ನು ನೀರಿಗೆ ಹಾರಿ ತರಲು ಬೆಳೆಸಿದ್ದು. ಇಂಥ ಎರಡು ರಕ್ತಗಳು ಕೂಡಿದ ಪ್ರಾಣಿಯನ್ನು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹಿತ್ತಲಲ್ಲಿ ಇರಿಸಿದರೆ ಅದು ಏನು ಮಾಡೀತು? ಬೊಗಳಿತು. ಬೇಲಿಯ ಬುಡವನ್ನು ಕೆರೆಯಿತು. ನಾವು ಹೋಗಿ ಎರಡು ವಾರವಾಗಿರಲಿಲ್ಲ, ಪಕ್ಕದ ಮನೆಯಿಂದ ಒಂದು ಕಾಗದ ಬಂದಿತು. ಆ ಮನೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿದ್ದರು. ಹಗಲು ಕಣ್ಣು ಮುಚ್ಚಲಾಗುತ್ತಿಲ್ಲ, ಇದು ನಿಲ್ಲದಿದ್ದರೆ ನಗರಾಡಳಿತಕ್ಕೆ ದೂರು ಕೊಡುವುದು ಅನಿವಾರ್ಯ ಎಂದು ಬಹು ಸೌಜನ್ಯದಿಂದಲೇ ಬರೆದಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಗ ಆ ರಾತ್ರಿ ಊಟಕ್ಕೆ ಕುಳಿತಾಗ ಮೆಲ್ಲಗೆ, “ಅಪ್ಪಾ, ಇದನ್ನ ತಂದಲ್ಲೇ ತಿರುಗಿ ಬಿಟ್ಟು ಬರಬೇಕಾಗತೈತೇನೋ” ಎಂದನು. ಮೊಮ್ಮಗಳು ತಾಟು ಬಿಟ್ಟು ಎದ್ದು ಹೋದಳು. ಒಂಬತ್ತು ವರ್ಷದ ಮಗು. ಆದರೆ ಎಲ್ಲ ಆಶ್ರಯಗಳಲ್ಲಿಯೂ ಎಲ್ಲ ನಾಯಿಗಳಿಗೂ ಮತ್ತೊಂದು ಮನೆ ಸಿಗುವುದಿಲ್ಲವೆಂದು, ಉಳಿದುದಕ್ಕೆ ಚುಚ್ಚುಮದ್ದಿನ ಮರಣವೂ ಉಂಟೆಂದು ಆಕೆಗೆ ಗೊತ್ತಿತ್ತು.

ರಸ್ತೆಯಲ್ಲಿ ಹಗ್ಗ ಹಿಡಿದು ನಡೆಸಿದರೆ ಸಾಲದೆ ಎಂದು ಓದುಗರು ಕೇಳಬಹುದು. ನಾನು ಒಂದು ವಾರ ಹಾಗೆಯೇ ನಡೆಸಿದೆನು. ಎಪ್ಪತ್ತರ ನನ್ನ ನಡಿಗೆ ಅದಕ್ಕೆ ನಡಿಗೆಯೇ ಅಲ್ಲ. ಮರಳಿ ಬಂದು ಅದು ಮತ್ತೆ ಬೇಲಿ ಕೆರೆಯುತ್ತಿತ್ತು. ಅದಕ್ಕೆ ಬೇಕಾಗಿದ್ದುದು ಓಟ. ಊರಿನ ಸಾಮಾನ್ಯ ಉದ್ಯಾನಗಳಲ್ಲಾಗಲಿ ಶಾಲೆಯ ಮೈದಾನಗಳಲ್ಲಾಗಲಿ ಹಗ್ಗ ಬಿಚ್ಚುವಂತಿಲ್ಲ, ಫಲಕಗಳನ್ನೇ ನೆಟ್ಟಿದ್ದಾರೆ. ಸಂಜೆಯಾದ ಮೇಲೆ ಕದ್ದು ಬಿಚ್ಚುವವರು ಅಲ್ಲಿಯೂ ಇದ್ದಾರೆ, ಆದರೆ ಪರದೇಶದಲ್ಲಿ ಅತಿಥಿಯಾಗಿ ಹೋದವನು ಆ ಸಾಹಸಕ್ಕೆ ಇಳಿಯುವುದು ಸಲ್ಲದು. ಅಲ್ಲದೆ ಕ್ಯಾಲಿಫೋರ್ನಿಯಾದ ಕಾಯಿದೆ ಈ ವಿಷಯದಲ್ಲಿ ಕಠಿಣವಾದುದು. ನಾಯಿ ಸಾರ್ವಜನಿಕ ಸ್ಥಳದಲ್ಲಿ ಮನುಷ್ಯನಿಗೆ ಕಚ್ಚಿದರೆ, ಅದು ಹಿಂದೆಂದೂ ಯಾರಿಗೂ ಕಚ್ಚಿರಲಿಲ್ಲ ಎಂಬ ಸಬೂಬು ನಡೆಯುವುದಿಲ್ಲ. ಹಾನಿಗೆ ಒಡೆಯನೇ ಹೊಣೆ.

ಹೀಗಾಗಿ ನಾಯಿಗಳನ್ನು ಬಿಚ್ಚಿ ಬಿಡಲೆಂದೇ ಕಟ್ಟಿದ ಉದ್ಯಾನಗಳನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತು. ಬೆಳಗಿನ ಸ್ನಾನ ಪೂಜೆಗಳನ್ನು ಮುಗಿಸಿ ಮಗನ ಕಾರಿನಲ್ಲಿ ಆರು ಗಂಟೆಗೆ ಹೊರಡುವುದು, ಒಂದು ಸ್ಥಳವನ್ನು ನೋಡುವುದು, ಅವನ ಕಚೇರಿಯ ಹೊತ್ತಿಗೆ ಮರಳುವುದು. ಮೊದಮೊದಲು ಮೋತಿಯನ್ನು ಒಯ್ಯುತ್ತಿರಲಿಲ್ಲ. ಕನ್ಯೆ ನೋಡಲು ಹೋದಂತೆ ಎಂದು ಮನೆಯವರು ನಗೆಯಾಡುತ್ತಿದ್ದರು. ಆದರೆ ಬರಿಗೈಯಲ್ಲಿ ಹೋಗಿ ಬೇಲಿಯ ಹೊರಗೆ ಅರ್ಧ ಗಂಟೆ ನಿಂತು ನೋಡುವುದರಿಂದ ಆಗುವಷ್ಟು ಪ್ರಯೋಜನ ಬೇರಾವುದರಿಂದಲೂ ಆಗದು.

ಈ ಉದ್ಯಾನಗಳ ರಚನೆ ಸರಳವಾದುದು. ಸುತ್ತಲೂ ತಂತಿಯ ಬೇಲಿ. ಒಳಗೆ ಹೋಗಲು ಒಂದರ ಹಿಂದೆ ಒಂದು ಎರಡು ಬಾಗಿಲು. ಮೊದಲನೆಯದನ್ನು ಮುಚ್ಚಿ, ನಡುವಿನ ಸಣ್ಣ ಅಂಗಳದಲ್ಲಿ ಹಗ್ಗ ಬಿಚ್ಚಿ, ಅನಂತರ ಎರಡನೆಯದನ್ನು ತೆರೆಯಬೇಕು. ಹೀಗೆ ಮಾಡಿದರೆ ಒಳಗಿನ ಯಾವ ನಾಯಿಯೂ ರಸ್ತೆಗೆ ನುಗ್ಗುವುದಿಲ್ಲ. ಸಣ್ಣ ನಾಯಿಗಳಿಗೆ ಬೇರೆ, ದೊಡ್ಡವಕ್ಕೆ ಬೇರೆ ಆವರಣ. ಅನೇಕ ಕಡೆ 25 ಪೌಂಡುಗಳ ತೂಕವನ್ನು ಗಡಿಯಾಗಿ ಹಿಡಿಯುತ್ತಾರೆ. ರೇಬೀಸ್ ಲಸಿಕೆ ಹಾಕಿಸಿ ಪಡೆದ ಲೈಸೆನ್ಸಿನ ಬಿಲ್ಲೆ ಕೊರಳಲ್ಲಿರಬೇಕು. ಬೆದೆಗೆ ಬಂದ ಹೆಣ್ಣುನಾಯಿಗೆ ಪ್ರವೇಶವಿಲ್ಲ. ತನ್ನ ನಾಯಿಯ ಮಲವನ್ನು ತಾನೇ ಚೀಲದಲ್ಲಿ ಎತ್ತಿ ಹಾಕಬೇಕು. ಈ ಕಡೆಯ ನಿಯಮವನ್ನು ನಮ್ಮ ಬಂಧುಗಳಿಗೆ ಹೇಳಿದಾಗ ಕೆಲವರು ಮೂಗು ಮುರಿದರು. ದನದ ಕೊಟ್ಟಿಗೆಯನ್ನು ಬಳಿದು ಬೆಳೆದ ಕೈಗೆ ಅದೇನು ದೊಡ್ಡ ಮಾತು?

ಆಶ್ಚರ್ಯದ ಸಂಗತಿಯೊಂದಿದೆ. ಒಳಗೆ ಹೋದ ಮೇಲೆ ಹಗ್ಗ ಬಿಚ್ಚಲೇಬೇಕು. ಉಳಿದ ನಾಯಿಗಳೆಲ್ಲ ಬಿಡುವಾಗಿರುವಾಗ ಒಂದನ್ನು ಮಾತ್ರ ಹಗ್ಗದಲ್ಲಿ ಹಿಡಿದರೆ ಅದಕ್ಕೆ ಓಡಿಹೋಗುವ ದಾರಿ ಇಲ್ಲವಾಗುತ್ತದೆ. ಹೆದರಿದ ಪ್ರಾಣಿ ಕಚ್ಚಲು ತೊಡಗುತ್ತದೆ. ಮನುಷ್ಯರಲ್ಲಿಯೂ ಹೀಗೆಯೇ ಅಲ್ಲವೆ ಎಂದು ನನ್ನ ಸೊಸೆ ಅಂದಳು. ಆಕೆ ವೃತ್ತಿಯಿಂದ ಮಕ್ಕಳ ವೈದ್ಯೆ.

ಮನೆಗೆ ತೀರ ಹತ್ತಿರದಲ್ಲಿ, ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಸಣ್ಣ ಉದ್ಯಾನವಿತ್ತು. ಕಾರು ನಡೆಸಲು ಬಾರದ ನನ್ನಂಥವನಿಗೆ ಅದೇ ಅನುಕೂಲವೆಂದು ಎಲ್ಲರೂ ಹೇಳಿದರು. ಸಂಜೆ ಆರಕ್ಕೆ ಹೋದೆವು. ಕಚೇರಿ ಬಿಟ್ಟು ಬಂದವರ ದಟ್ಟಣೆ. ಒಡೆಯರಲ್ಲಿ ಹೆಚ್ಚಿನವರು ಬೆಂಚಿನ ಮೇಲೆ ಕುಳಿತು ಕೈಯಲ್ಲಿನ ಫೋನನ್ನೇ ನೋಡುತ್ತಿದ್ದರು. ಯಾರೋ ಎಸೆದ ಚೆಂಡಿಗಾಗಿ ಮೋತಿಗೂ ಒಂದು ದೊಡ್ಡ ಬಿಳಿಯ ನಾಯಿಗೂ ಜಗಳ ಹತ್ತಿ, ಮೋತಿಯ ಕಿವಿ ಹರಿದು ನನ್ನ ಧೋತರದ ಮೇಲೆಲ್ಲ ರಕ್ತ ಸಿಡಿಯಿತು. ಮೊಮ್ಮಗಳು ಕಿರುಚಿಕೊಂಡಳು. ಕಿವಿಗೆ ನಾಲ್ಕು ಹೊಲಿಗೆ ಬಿದ್ದವು. ಇನ್ನು ಇದನ್ನು ಇಟ್ಟುಕೊಳ್ಳುವುದೇ ಬೇಡ ಎಂಬ ಮಾತು ಆ ರಾತ್ರಿ ಮತ್ತೆ ಎದ್ದಿತು.

ಈ ಘಟನೆಯ ಅನಂತರ ನಾನು ನಾಯಿಗಳ ಮೈಮಾತನ್ನು ಮನಗೊಟ್ಟು ನೋಡಲಾರಂಭಿಸಿದೆನು. ಮುಂಗಾಲು ಚಾಚಿ, ಎದೆಯನ್ನು ನೆಲಕ್ಕೆ ತಂದು, ಹಿಂಭಾಗವನ್ನು ಎತ್ತಿ ನಿಂತರೆ ಅದು ಆಟದ ಕರೆ. ಆಮೇಲೆ ಎಷ್ಟು ಗುರುಗುಟ್ಟಿದರೂ ಚಿಂತೆಯಿಲ್ಲ. ಮೈಯೆಲ್ಲ ಸೆಟೆದು, ಬಾಲ ನೆಟ್ಟಗಾಗಿ, ಬಾಯಿ ಮುಚ್ಚಿ ದೃಷ್ಟಿ ಒಂದೆಡೆ ನೆಟ್ಟರೆ ಆಗಲೇ ನಮ್ಮದನ್ನು ಕರೆದುಕೊಂಡು ದೂರ ಸರಿಯಬೇಕು. ಬೆನ್ನಟ್ಟುವ ಸರದಿ ಬದಲಾಗುತ್ತಿದ್ದರೆ ಅದು ಆಟ. ಒಂದೇ ನಾಯಿ ಸದಾ ಓಡುತ್ತ ಉಳಿದವು ಸದಾ ಅಟ್ಟುತ್ತಿದ್ದರೆ ಅದು ಆಟವಲ್ಲ.

ಮೇ ತಿಂಗಳು ಕಳೆಯುತ್ತಲೇ ಮತ್ತೊಂದು ಅಪಾಯ ಕಾಣಿಸಿಕೊಂಡಿತು. ಅಲ್ಲಿ ಮಳೆಗಾಲವೆಂದರೆ ಚಳಿಗಾಲ. ಬೇಸಿಗೆಗೆ ಗುಡ್ಡದ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಫಾಕ್ಸ್‌ಟೇಲ್ ಎಂಬ ಒಂದು ಹುಲ್ಲಿನ ತೆನೆಗೆ ನಮ್ಮ ಗೋಧಿಯ ತೆನೆಗಿರುವಂತೆ ಊಬು. ಅದರ ಮೊನೆ ನಾಯಿಯ ಬೆರಳ ಸಂದಿನಲ್ಲಿ, ಕಿವಿಯಲ್ಲಿ, ಮೂಗಿನಲ್ಲಿ ಹೊಕ್ಕರೆ ಮುಂದಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ; ಕೀವಾಗಿ ಶಸ್ತ್ರಕ್ರಿಯೆಯವರೆಗೂ ಹೋಗುತ್ತದೆ. ಆದುದರಿಂದ ಬೇಲಿ ಗಟ್ಟಿಯಾಗಿದ್ದರೆ ಸಾಲದು, ನೆಲದ ಮೇಲೆ ಏನಿದೆ ಎಂಬುದನ್ನೂ ನೋಡಬೇಕು. ಮರದ ಚಕ್ಕೆ ಹರಡಿದ್ದಾರೆಯೆ, ಒಣಹುಲ್ಲನ್ನು ಕತ್ತರಿಸಿದ್ದಾರೆಯೆ, ನೆರಳು ಇದೆಯೆ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಊಬಿನ ಪರಿಚಯ ಇದ್ದುದರಿಂದ ಪ್ರತಿದಿನ ಮೋತಿಯ ನಾಲ್ಕು ಪಾದಗಳನ್ನೂ ಬಿಡಿಸಿ ನೋಡುವುದು ಬೇಗನೆ ರೂಢಿಯಾಯಿತು. ಕುಡಿಯುವ ನೀರನ್ನೂ ಬಟ್ಟಲನ್ನೂ ಮನೆಯಿಂದಲೇ ಒಯ್ಯುತ್ತಿದ್ದೆವು. ಹತ್ತು ನಾಯಿ ಬಾಯಿಟ್ಟ ಪಾತ್ರೆಯಿಂದ ರೋಗ ಹರಡುವುದುಂಟು.

ಕೊನೆಗೆ ವಾರದ ದಿನಗಳಿಗೆ ನಿಷ್ಕರ್ಷೆಯಾದುದು ಫ್ರೀಮಾಂಟಿನ ಸೆಂಟ್ರಲ್ ಪಾರ್ಕ್. ಲೇಕ್ ಎಲಿಜಬೆತ್ ಎಂಬ ಕೆರೆ ಇರುವ ಆ ದೊಡ್ಡ ಉದ್ಯಾನದಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಆವರಣವೊಂದಿದೆ. ಬೆಳಿಗ್ಗೆ ಬೇಗ ಹೋದರೆ ಐದಾರು ನಾಯಿಗಳಿಗಿಂತ ಹೆಚ್ಚು ಇರುತ್ತಿರಲಿಲ್ಲ. ಅವು ನಿತ್ಯದವು, ಅವುಗಳ ಒಡೆಯರೂ ನಿತ್ಯದವರು. ಯಾರಿಗೂ ಒಬ್ಬರ ಹೆಸರು ಒಬ್ಬರಿಗೆ ತಿಳಿಯದು, ನಾಯಿಗಳ ಹೆಸರು ಮಾತ್ರ ಎಲ್ಲರಿಗೂ ಗೊತ್ತು. ನಾನು ಅಲ್ಲಿ “ಮೋಟಿಯ ಅಜ್ಜ” ಆದೆನು. ಆ ಉಪನಗರದಲ್ಲಿ ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಸಂಜೆಯವರೆಗೆ ಮನುಷ್ಯರ ದನಿ ಕೇಳುವುದೇ ಕಷ್ಟ. ಹಿಂದಿನ ಸಲ ಹೋದಾಗ ನಾಲ್ಕನೆಯ ತಿಂಗಳಿಗೇ ಊರಿನ ಹಂಬಲ ಹತ್ತಿ ಟಿಕೆಟ್ಟು ಬದಲಿಸಿ ಬಂದಿದ್ದೆವು. ಈ ಸಲ ಆರು ತಿಂಗಳೂ ಉಳಿದೆವು ಎಂಬಲ್ಲಿ ಆ ಬೆಳಗಿನ ಒಂದು ಗಂಟೆಯ ಪಾಲು ಎಷ್ಟಿತ್ತೋ!

ಶನಿವಾರಗಳಂದು ದೂರದ ಪಾಯಿಂಟ್ ಇಸಬೆಲ್‌ಗೆ ಹೋಗುತ್ತಿದ್ದೆವು. ರಿಚ್ಮಂಡ್ ನಗರದ ಬಳಿ, ಸುಮಾರು ಒಂದು ಗಂಟೆಯ ದಾರಿ. 1934ರಲ್ಲಿ ಸ್ಥಾಪನೆಯಾದ ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಮಂಡಳಿಯ ಆಡಳಿತಕ್ಕೆ ಸೇರಿದ ಕೊಲ್ಲಿಯಂಚಿನ ಬಯಲು ಅದು. ನಾಯಿಗಳು ಬಿಡುವಾಗಿ ಓಡುತ್ತವೆ, ಕೊಲ್ಲಿಯ ನೀರಿಗೆ ಧುಮುಕಿ ಈಜುತ್ತವೆ. ಒಬ್ಬ ವ್ಯಕ್ತಿ ಮೂರು ನಾಯಿಗಳವರೆಗೆ ತರಬಹುದು. ಹೆಚ್ಚಾದರೆ ಪರವಾನಿಗೆ ಬೇಕು. ಎದುರಿಗೆ ಗೋಲ್ಡನ್ ಗೇಟ್ ಸೇತುವೆ ಮಂಜಿನಲ್ಲಿ ಮರೆಯಾಗುತ್ತ ಕಾಣಿಸುತ್ತ ಇರುತ್ತದೆ. ಗಾಳಿ ಮಾತ್ರ ಜೂನಿನಲ್ಲಿಯೂ ಕಿವಿ ಕೊರೆಯುವಂಥದು. ಮಫ್ಲರ್ ಇಲ್ಲದೆ ಹೋಗಬಾರದು. ಮಣ್ಣಾದ ನಾಯಿಗೆ ಹಣ ಕೊಟ್ಟು ಸ್ನಾನ ಮಾಡಿಸುವ ಅಂಗಡಿಯೂ ಅಲ್ಲಿಯೇ ಇತ್ತು. ಮೋತಿ ಮೊದಲ ಸಲ ನೀರನ್ನು ಕಂಡ ದಿನ ಎಲ್ಲಿ ಕೈಬಿಟ್ಟು ಹೋಗುವುದೋ ಎಂದು ನಮ್ಮ ಎದೆ ಡವಗುಟ್ಟಿತು. ಅದು ಒಂದು ಕೋಲನ್ನು ಕಚ್ಚಿಕೊಂಡು ಬಂದು ಮೊಮ್ಮಗಳ ಕಾಲ ಬಳಿ ಇಟ್ಟು ಮೈ ಕೊಡವಿತು.

ಮರಳುವ ದಾರಿಯಲ್ಲಿ ಒಮ್ಮೆ ಬರ್ಕ್ಲಿಯ ಓಲೋನಿ ಉದ್ಯಾನವನ್ನು ಕಂಡೆವು. ಅಮೆರಿಕೆಯ ಮೊಟ್ಟಮೊದಲ ನಾಯಿ ಉದ್ಯಾನವೆಂದು ಹೆಸರಾದುದು, ಆರಂಭವಾದುದು 1979ರಲ್ಲಿ. ನೆಲದೊಳಗೆ ರೈಲುಮಾರ್ಗ ಹಾಕಲು ಮನೆಗಳನ್ನು ಕೆಡವಿ ತೆರವು ಮಾಡಿದ ಜಾಗದ ಮೇಲೆ ಅದು ಬೆಳೆದಿದೆ. ನೋಡಲು ಬಹಳ ಚಿಕ್ಕದು, ನಮ್ಮ ಊರಿನ ಒಂದು ಕಣದಷ್ಟು.

ಕಣದ ಮಾತು ಬಂದುದರಿಂದ ಹೇಳುತ್ತೇನೆ. ನನ್ನ ತಂದೆಯವರು ಮುಧೋಳದ ಬೇಟೆನಾಯಿಯೊಂದನ್ನು ಸಾಕಿದ್ದರು. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವುಳ್ಳ ಅಂಚೆಚೀಟಿ ತಂದಾಗ ಅವರ ನೆನಪಿಗೆಂದು ನಾಲ್ಕು ಚೀಟಿ ಕೊಂಡಿಟ್ಟಿದ್ದೇನೆ. ಸುಗ್ಗಿ ಮುಗಿದ ಎರೆಹೊಲದಲ್ಲಿ ಆ ನಾಯಿ ಓಡಿದರೆ ಕಣ್ಣಿಗೆ ಒಂದು ಗೆರೆ ಮಾತ್ರ ಕಾಣುತ್ತಿತ್ತು. ಅದಕ್ಕೆ ಹಗ್ಗವೂ ಇರಲಿಲ್ಲ, ಬೇಲಿಯೂ ಇರಲಿಲ್ಲ. ಲಸಿಕೆಯೂ ಇರಲಿಲ್ಲ. ಅಂದಿನ ಬಿಡುವನ್ನು ಹೊಗಳುವಾಗ ಹುಚ್ಚುನಾಯಿ ಕಚ್ಚಿ ತೀರಿಕೊಂಡ ಓಣಿಯ ಹುಡುಗನನ್ನು ಮರೆಯಲಾಗದು. ಈಗ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿಯೂ ನಾಯಿಗಳಿಗಾಗಿ ಬೇಲಿ ಹಾಕಿದ ಜಾಗವಿದೆ. ಉಳಿದ ನಮ್ಮ ಊರುಗಳಲ್ಲಿ ಮಕ್ಕಳ ಆಟಕ್ಕೇ ಬಯಲು ಉಳಿದಿಲ್ಲ. ನಾಯಿಯ ಮಾತು ಆಮೇಲೆ.

ಆಹಾರದ ವಿಷಯದಲ್ಲಿ ನಮ್ಮ ಮನೆತನಗಳವರಿಗೆ ಇರುವ ಸಂಕೋಚವನ್ನು ಹೇಳದೆ ಬಿಟ್ಟರೆ ಲೇಖನ ಅಪೂರ್ಣವಾದೀತು. ಅಂಗಡಿಯ ನಾಯಿ ಆಹಾರದಲ್ಲಿ ಸಾಮಾನ್ಯವಾಗಿ ಮಾಂಸವಿರುತ್ತದೆ. ಉದ್ಯಾನದಲ್ಲಿ ಪರಿಚಿತರು ಅಕ್ಕರೆಯಿಂದ ಕೊಡುವ ತುಣುಕುಗಳಲ್ಲಿಯೂ ಅದೇ. ನನ್ನ ಮನೆಯವರು ಬಹಳ ಯೋಚಿಸಿ, ಆ ಡಬ್ಬಿ ಮತ್ತು ತಾಟನ್ನು ಗ್ಯಾರೇಜಿನಲ್ಲಿಟ್ಟು, ಅಡಿಗೆಮನೆಗೆ ತರಕೂಡದೆಂದು ವಿಧಿಸಿದರು. ನಾಯಿಯ ಹುಟ್ಟುಗುಣವನ್ನು ತಿದ್ದಲು ಹೋಗಲಿಲ್ಲ. ಮಧ್ಯಾಹ್ನ ಮಾತ್ರ ಜೋಳದ ರೊಟ್ಟಿಯ ಚೂರೊಂದನ್ನು ತಮ್ಮ ಕೈಯಿಂದಲೇ ಹಾಕುತ್ತಿದ್ದರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಗೆ ವಿಷವೆಂಬುದನ್ನು ನಾಯಿ ಸಾಕಿದ ಬಂಧುಗಳು ಅವಶ್ಯವಾಗಿ ತಿಳಿದಿರಬೇಕು.

ಜುಲೈ ಹೊತ್ತಿಗೆ ಮೋತಿ ಬೆಳಿಗ್ಗೆ ಓಡಿ ಬಂದು ಹಗಲೆಲ್ಲ ಬಾಗಿಲ ಬಳಿ ನಿದ್ರಿಸುವುದನ್ನು ಕಲಿಯಿತು. ಬೇಲಿಯ ಬುಡದ ಕುಳಿಗಳನ್ನು ನಾನೇ ಮುಚ್ಚಿ ಪುದೀನ ನೆಟ್ಟೆನು. ಪಕ್ಕದ ಮನೆಯಿಂದ ಎರಡನೆಯ ಕಾಗದ ಬರಲಿಲ್ಲ. ಆ ವೃದ್ಧೆ ಎದ್ದು ಓಡಾಡುವಂತಾದಾಗ ನನ್ನ ಮನೆಯವರು ಬೇಲಿಯ ಮೇಲಿಂದ ಒಂದು ಬಟ್ಟಲು ಶೇಂಗಾ ಹೋಳಿಗೆ ಕೊಟ್ಟರು. ಆಕೆ ಬಟ್ಟಲನ್ನು ನಿಂಬೆಹಣ್ಣು ತುಂಬಿ ಮರಳಿಸಿದರು.

ನಾವು ಅಕ್ಟೋಬರದಲ್ಲಿ ಹೊರಡುವ ಮುನ್ನ ಯಾವ ದಿನ, ಯಾವ ಹೊತ್ತಿಗೆ, ಯಾವ ಉದ್ಯಾನವೆಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು ಸೊಸೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆನು. ಮೊಮ್ಮಗಳು ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿದಳು. ಸಣ್ಣ ಉದ್ಯಾನಕ್ಕೆ ಸಂಜೆ ಹೋಗಕೂಡದು, ಆ ಬಿಳಿಯ ನಾಯಿ ಬರುತ್ತದೆ ಎಂಬುದನ್ನು ಆಕೆಯೇ ಕೆಳಗೆ ಕೆಂಪು ಮಸಿಯಲ್ಲಿ ಸೇರಿಸಿದಳು.