ಬಲಗಾಲು ಒತ್ತು ಮಗಾ!

(1/4)
ಮೊನ್ನೆ ಸ್ಟೋರಿಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ್ದೆ ನೋಡಿ, ಹಳೇ ಕಾಲದ ವಿಮಾನ ಹುಲ್ಲಲ್ಲಿ ಮೂಗು ಊರಿ ನಿಂತಿತ್ತಲ್ಲ? "ಯಾವ ಗೇಮೋ ಇದು?" ಅಂತ ಸುಮಾರು ಜನ ಕೇಳಿದ್ರಿ. ಎಲ್ಲರಿಗೂ ಒಂದೇ ಸಲ ಹೇಳ್ಬಿಡ್ತೀನಿ. ಸ್ವಲ್ಪ ಉದ್ದ ಇದೆ, ಕಾಲೇಜಿಗೆ ಬರೋ ಬಸ್ಸಲ್ಲಿ ಓದಿ.

ಹೆಸರು ಡಿಸಿಎಸ್ ವರ್ಲ್ಡ್. ಯುದ್ಧವಿಮಾನದ ಸಿಮ್ಯುಲೇಟರ್. ಡೌನ್‌ಲೋಡ್ ಫ್ರೀ, ಆದ್ರೆ 100 ಜಿಬಿಗೂ ಹೆಚ್ಚು ಜಾಗ ತಿನ್ನುತ್ತೆ. ಜೊತೆಗೆ ಎರಡು ವಿಮಾನ ಫ್ರೀ ಸಿಗುತ್ತೆ: ರಷ್ಯಾದ ಸು-25ಟಿ, ಮತ್ತೆ ಎರಡನೇ ಮಹಾಯುದ್ಧದ ಕಾಲದ ಮಸ್ಟ್ಯಾಂಗ್‌ನ ತರಬೇತಿ ರೂಪ ಟಿಎಫ್-51ಡಿ. ನಾನು ಹಿಡಿದಿದ್ದು ಮಸ್ಟ್ಯಾಂಗ್. ಅದರಲ್ಲಿ ಗನ್ನೇ ಇಲ್ಲ. "ಯುದ್ಧದ ಗೇಮ್ ಅಂತೀಯಾ, ಗುಂಡು ಹಾರ್ಸಕ್ಕಾಗಲ್ವಾ?" ಅಂತ ತಂಗಿ ನಕ್ಕಳು. ಗುಂಡಿನ ಮಾತು ಆಮೇಲೆ. ನನಗೆ ಇಂಜಿನ್ನೇ ಸ್ಟಾರ್ಟ್ ಮಾಡೋಕೆ ಬರ್ತಿರಲಿಲ್ಲ.

(2/4)
ಮೊಬೈಲ್ ಗೇಮ್ ಥರ "ಪ್ಲೇ" ಒತ್ತಿದ ತಕ್ಷಣ ಆಕಾಶದಲ್ಲಿರ್ತೀರಿ ಅಂದ್ಕೋಬೇಡಿ. ಬ್ಯಾಟರಿ ಆನ್ ಮಾಡಬೇಕು. ಇಂಧನದ ವಾಲ್ವ್ ತೆರೀಬೇಕು. ಬೂಸ್ಟರ್ ಪಂಪ್, ಮ್ಯಾಗ್ನೆಟೋ, ಪ್ರೈಮರ್, ಸ್ಟಾರ್ಟರ್. ಎಲ್ಲವೂ ಕಾಕ್‌ಪಿಟ್‌ನಲ್ಲಿ ಬೇರೆಬೇರೆ ಸ್ವಿಚ್ಚು. ನಾನು ಪಟ್ಟಿ ನೋಡ್ಕೊಂಡೇ ಮಾಡ್ತಿದ್ದೆ. ಪ್ರೊಪೆಲ್ಲರ್ ತಿರುಗುತ್ತೆ, ಇಂಜಿನ್ ಎರಡು ಸಲ ಕೆಮ್ಮುತ್ತೆ, ಹೊಗೆ ಬಿಡುತ್ತೆ, ಸತ್ತೇ ಹೋಗುತ್ತೆ. ಐದು ರಾತ್ರಿ ಇದೇ ಕಥೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ದಾಗ ಮೇಲಿಂದ ಕೆಳಗೆ ಹತ್ತು ಸಲ ಕೂಡ್ತೀವಲ್ಲ, ಹಾಗೆ.

ಎರಡು ಕೀ ಒತ್ತಿದ್ರೆ ಗೇಮೇ ಸ್ಟಾರ್ಟ್ ಮಾಡಿಕೊಡುತ್ತೆ, ಅದೂ ಗೊತ್ತಿತ್ತು. ಹಟಕ್ಕೆ ಒತ್ತಲಿಲ್ಲ.

ನಾವು ಆಡೋದು ನಾಲ್ಕು ಜನ. ನಾನು, ನಮ್ಮ ಕ್ಲಾಸಿನ ಒಬ್ಬ, ಮಂಗಳೂರಿನ ಒಬ್ಬ ಹುಡುಗ, ಆಮೇಲೆ ಹಾಸನದ ಅಣ್ಣ. ಅಣ್ಣಂಗೆ ಕೆಲಸ ಶಿಫ್ಟಲ್ಲಿ, ರಾತ್ರಿ ಹತ್ತರ ಮೇಲೆ ಸಿಗ್ತಾರೆ. ಆ ಐದು ರಾತ್ರಿನೂ ಅವರ ಮಾತು ನನ್ನ ಹೆಡ್‌ಫೋನಲ್ಲಿ ಕೇಳ್ತಾನೇ ಇತ್ತು. ನಾನು ಮಾತ್ರ ಮೈಕ್ ಆನ್ ಮಾಡ್ತಿರಲಿಲ್ಲ. ಕನ್ನಡದವರೇ, ಆದ್ರೂ. "ಇಷ್ಟೂ ಗೊತ್ತಿಲ್ವಾ" ಅಂದ್ಬಿಟ್ರೆ?

ಆರನೇ ರಾತ್ರಿ ತಡ್ಕೊಳ್ಳಕ್ಕಾಗಲಿಲ್ಲ. "ಅಣ್ಣಾ, ಇಂಜಿನ್ ಹಿಡೀತಾನೇ ಇಲ್ಲ."

"ಮಿಕ್ಸ್ಚರ್ ಲಿವರ್ ನೋಡು. ಕಟ್‌ಆಫಲ್ಲೇ ಇದ್ಯಾ?"

ಇತ್ತು. ಪ್ರೈಮರ್ ಕೊಟ್ಟ ಚೂರು ಪೆಟ್ರೋಲ್ ಉರಿದು ಮುಗಿಯೋದ್ರೊಳಗೆ ಆ ಲಿವರನ್ನ ರನ್‌ಗೆ ತಳ್ಳಬೇಕು. ಇಲ್ಲಾಂದ್ರೆ ಇಂಜಿನ್‌ಗೆ ಮುಂದಕ್ಕೆ ಕುಡಿಯೋಕೆ ಏನೂ ಇಲ್ಲ. ಐದು ರಾತ್ರಿ ಒದ್ದಾಡಿದ್ದು ಹತ್ತು ಸೆಕೆಂಡಲ್ಲಿ ಮುಗೀತು. "ನಂಗೂ ಒಂದ್ ವಾರ ಹಿಡಿದಿತ್ತು ಮಗಾ, ಕೇಳೋದಲ್ವಾ?" ಅಂದ್ರು ಅಣ್ಣ.

(3/4)
ಆ "ಕೇಳೋದಲ್ವಾ" ಯಾಕೆ ಅಷ್ಟು ಚುಚ್ಚಿತು ಅಂತ ಹೇಳ್ಬೇಕು. ಇದನ್ನ ನಿಮ್ಮಲ್ಲಿ ಯಾರಿಗೂ ಹೇಳಿಲ್ಲ.

2017ರಲ್ಲಿ ಮಾವ ನನ್ನ ಯಲಹಂಕದ ಏರೋ ಇಂಡಿಯಾಗೆ ಕರ್ಕೊಂಡು ಹೋಗಿದ್ರು. ತೇಜಸ್ ಹೋದಾಗ ಸದ್ದು ಕಿವಿಗಲ್ಲ, ಎದೆಗೆ ಬಡೀತು. ಅವತ್ತೇ ಮನಸ್ಸಲ್ಲಿ ಒಂದು ಕೂತ್ಬಿಡ್ತು. ಎಸ್ಸೆಸ್ಸೆಲ್ಸಿ ಆದ್ಮೇಲೆ ಅಪ್ಪ, "ಸೈನ್ಸಿಗೆ ಫೀಸು, ಟ್ಯೂಷನ್ನು ಅಂತ ಆಗಲ್ಲ ಕಣೋ. ಕಾಮರ್ಸ್ ತಗೋ, ಅಂಗಡಿ ಲೆಕ್ಕಕ್ಕೂ ಆಗುತ್ತೆ" ಅಂದ್ರು. ನಾನು ಹೂಂ ಅಂದೆ. ಒಂದು ಮಾತು ಕೇಳಲಿಲ್ಲ. ನನಗೇನು ಬೇಕು ಅಂತ ಹೇಳಲೂ ಇಲ್ಲ.

ಸೆಕೆಂಡ್ ಪಿಯುಸಿಲಿ ಗೊತ್ತಾಯ್ತು: ವಾಯುಪಡೆಯ ಫ್ಲೈಯಿಂಗ್ ಬ್ರಾಂಚಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿರಬೇಕು. ಡಿಗ್ರಿ ಯಾವುದಾದ್ರೂ ಆಗಬಹುದು, ಆ ಎರಡು ಸಬ್ಜೆಕ್ಟ್ ಬೇಕೇ ಬೇಕು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತೇ ಇರಲಿಲ್ಲವಲ್ಲ. ನಾನು ಹೇಳಿದ್ದಿದ್ರೆ ಏನಾಗ್ತಿತ್ತೋ. ಏನೂ ಆಗ್ತಿರಲಿಲ್ವೇನೋ. ಆದ್ರೂ ಕೇಳಬಹುದಿತ್ತು.

(4/4)
ಇಂಜಿನ್ ಆಯ್ತು, ಇನ್ನು ಟೇಕಾಫ್. ಜಾಗ ಜಾರ್ಜಿಯಾದ ಬಟೂಮಿ, ಕಪ್ಪು ಸಮುದ್ರದ ದಡ. ಥ್ರಾಟಲ್ ತಳ್ಳಿದ ಕೂಡಲೇ ಮಸ್ಟ್ಯಾಂಗ್ ಎಡಕ್ಕೆ ಎಳೆಯುತ್ತೆ. ಆ ದೊಡ್ಡ ಪ್ರೊಪೆಲ್ಲರ್ ತಿರುಗೋ ಜೋರಿಗೇ ಮೂಗು ಎಡಕ್ಕೆ ವಾಲುತ್ತೆ. ಬಾಲ ಎದ್ದಾಗ ಇನ್ನೂ ಜಾಸ್ತಿ. ತಡೆಯೋಕೆ ಬಲಗಡೆ ರಡ್ಡರ್ ಕೊಡಬೇಕು, ಥ್ರಾಟಲನ್ನ ನಿಧಾನಕ್ಕೆ ತಳ್ಳಬೇಕು.

"ಬಲಗಾಲು! ಬಲಗಾಲು ಒತ್ತು ಮಗಾ!" ಅಂತ ಮೂರೂ ಜನ ಕೂಗ್ತಿದ್ರು. ನಾನು ಒತ್ತಿದೆ ಕೂಡ, ಮೇಜಿನ ಕೆಳಗಿನ ನೆಲನ! ನನ್ನ ಹತ್ರ ಪೆಡಲ್ ಎಲ್ಲಿದೆ? ಸೆಕೆಂಡ್ ಹ್ಯಾಂಡ್ ಜಾಯ್‌ಸ್ಟಿಕ್ಕು, ಅದರ ಹಿಡಿ ತಿರುಚಿದ್ರೇನೇ ರಡ್ಡರ್. ವಿಮಾನ ಸೀದಾ ಹುಲ್ಲಿಗೆ. ನೀವು ಸ್ಟೋರಿಲಿ ನೋಡಿದ್ದು ಅದೇ. ಹಾಗೆ ಹನ್ನೊಂದು ಸಲ.

ಹನ್ನೆರಡನೇ ಸಲ ಚಕ್ರದ ಗಡಗಡ ನಿಂತುಹೋಯ್ತು. ಕೆಳಗೆ ಸಮುದ್ರ, ಬಲಗಡೆ ದೂರದಲ್ಲಿ ಬೆಟ್ಟ, ಎಡಗಡೆ ಅಣ್ಣನ ವಿಮಾನ ಪಕ್ಕಕ್ಕೇ ಬಂದು ರೆಕ್ಕೆ ಆಡಿಸ್ತು. ಯಾರೂ ಮಾತಾಡಲಿಲ್ಲ.

ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ತಿರುಗಿದೆ. ಅಪ್ಪ, ಕೈಲಿ ನೀರಿನ ಚೊಂಬು. ಸುಮ್ಮನೆ ನೋಡ್ತಿದ್ರು. ಆಮೇಲೆ ಕೇಳಿದ್ರು, "ಇಳಿಸೋಕೆ ಬರುತ್ತಾ?"

"ಇನ್ನೂ ಇಲ್ಲಪ್ಪಾ."

"ಕಲಿ" ಅಂದು ಹೋಗಿ ಮಲಗಿದ್ರು. ಯಲಹಂಕದ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ಈ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಹೇಳ್ತೀನಿ.

ಶುರು ಮಾಡೋರಿಗೆ: ಮೊದಲೇ ದುಡ್ಡು ಕೊಟ್ಟು ವಿಮಾನ ತಗೋಬೇಡಿ, ಫ್ರೀ ಇರೋದೇ ಸಾಕು. ಹೆಚ್ಚಿನ ವಿಮಾನಗಳಿಗೆ 14 ದಿನದ ಫ್ರೀ ಟ್ರಯಲ್ ಇದೆ. ಲ್ಯಾಪ್‌ಟಾಪಲ್ಲಿ 16 ಜಿಬಿ ರ‍್ಯಾಮ್ ಇದ್ರೆ ನೆಮ್ಮದಿ. ಒಂದೇ ವಿಮಾನ ಹಿಡಿದು ಕಲೀರಿ. ಇಂಜಿನ್ ಹಿಡೀದಿದ್ರೆ ಐದು ರಾತ್ರಿ ಕಾಯಬೇಡಿ, ಮೈಕ್ ಆನ್ ಮಾಡಿ.

ನೀವು ಬಾಯಿ ಬಿಟ್ಟು ಕೇಳದೇ ಬಿಟ್ಟಿದ್ದು ಯಾವುದು? ಕಾಮೆಂಟಲ್ಲಿ ಹಾಕಿ, ಇಲ್ಲಾ ಮೆಸೇಜ್ ಮಾಡಿ. ನಾಳೆ ಲ್ಯಾಂಡಿಂಗ್ ಪ್ರಯತ್ನ. ಸ್ಕ್ರೀನ್‌ಶಾಟ್ ಗ್ಯಾರಂಟಿ, ವಿಮಾನದ ಗ್ಯಾರಂಟಿ ಇಲ್ಲ.

#ಬಲಗಾಲುಒತ್ತು #ಬಿಕಾಂಪೈಲಟ್ #ಕನ್ನಡಗೇಮಿಂಗ್